ಏಳು ಕಾರಿನ ಯಜಮಾನ

ನಾನು ಏಳು ಕಾರುಗಳನ್ನು ಸಾಕಿದವನು. ಕೊಂಡವನು ಎಂದು ಬೇಕೆಂದೇ ಹೇಳುತ್ತಿಲ್ಲ. ಕೊಳ್ಳುವುದನ್ನು ಜೇಬು ತುಂಬಿದ ಯಾವ ಪೆದ್ದನೂ ಮಾಡುತ್ತಾನೆ, ಸಾಕುವುದಕ್ಕೆ ಗುಂಡಿಗೆ ಬೇಕು. ನಮ್ಮ ಬೀದಿಗೆ ಮೊದಲು ಕಾರು ತಂದವನು ನಾನೇ. ಅದರ ಸದ್ದಿಗೆ ಆ ದಿನ ಅರ್ಧ ಊರಿನ ಕೋಳಿಗಳು ಮೊಟ್ಟೆ ಇಡುವುದನ್ನು ಮರೆತವು. ನಂಬದಿದ್ದರೆ ಬಿಡಿ. ಸಾಕ್ಷಿಗೆ ಕರೆಯೋಣವೆಂದರೆ ಆ ಕೋಳಿಗಳು ಈಗಿಲ್ಲ.

ಅಂಗಡಿಗಳ ಬೋರ್ಡು ಬರೆಯುವುದು ನನ್ನ ಕಸುಬಾಗಿತ್ತು. ನನ್ನ ಅಕ್ಷರ ನೋಡಿ ಓದು ಬಾರದವರೂ ಅಂಗಡಿಗೆ ನುಗ್ಗುತ್ತಿದ್ದರು. ಬೋರ್ಡಿನ ಕೂಲಿಯಲ್ಲಿ ಕಾರು ಇಟ್ಟುಕೊಳ್ಳುವುದೆಂದರೆ ಆನೆ ಸಾಕಿದ ಹಾಗೆ ಎಂದು ಜನ ನಗುತ್ತಿದ್ದರು. ಆನೆಯೇ ವಾಸಿ, ಅದು ಬೆಳಿಗ್ಗೆ ತಾನಾಗಿ ಎದ್ದು ನಿಲ್ಲುತ್ತದೆ.

ಒಂದೊಂದು ಕಾರು ಮನೆ ಬಿಟ್ಟು ಹೋಗುವಾಗಲೂ ಅದರ ಒಂದು ಭಾಗವನ್ನು ಕಳಚಿ ಇಟ್ಟುಕೊಳ್ಳುವುದು ನಮ್ಮ ಮನೆಯ ಪದ್ಧತಿ. ಶುರು ಮಾಡಿದವಳು ನನ್ನ ಹೆಂಡತಿ. ಮೊದಲನೆಯದರ ರಬ್ಬರ್ ಹಾರನ್ನನ್ನು ಅವಳು ತಲೆಬಾಗಿಲಿಗೆ ಕಟ್ಟಿದಳು. ಯಾರಾದರೂ ಅದನ್ನು ಒತ್ತಿದರೆ ಪಕ್ಕದ ಮನೆಯವರೂ ಬಾಗಿಲು ತೆರೆಯುತ್ತಿದ್ದರು. ಮೂರನೆಯದರ ಹಿಂದಿನ ಸೀಟು ನಮ್ಮ ಊಟದ ಬೆಂಚು. ಐದನೆಯದರ, ಹಿಂದಿನ ಗಾಡಿ ನೋಡುವ ಕನ್ನಡಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಜಾಗದ ಮೇಲಿದೆ. ಬೆನ್ನ ಹಿಂದೆ ಯಾರು ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದರು ಎಂದು ಅವಳು ತಿರುಗದೆಯೇ ಹೇಳುತ್ತಿದ್ದಳು. ಬಚ್ಚಲಿನ ಬಾಗಿಲಿಗೂ ಕಾರಿನ ಹಿಡಿಯೇ. “ನಮ್ಮನೇಲಿ ಬಚ್ಚಲಿಂದ ಆಚೆ ಬರೋಕೂ ಲೈಸೆನ್ಸ್ ಬೇಕು,” ಎಂದು ಮೊಮ್ಮಗಳು ತನ್ನ ಗೆಳತಿಯರಿಗೆ ಹೇಳುತ್ತಾಳೆ. ಅವಳ ಅಡ್ಡಹೆಸರು ಪಟಾಕಿ. ಬಾಯಿ ನನ್ನದೇ.

ಮಗ ಮಾತ್ರ ಲೆಕ್ಕದಲ್ಲಿ ಜಗಳ ತೆಗೆಯುತ್ತಾನೆ.

“ಆರು ಕಣಪ್ಪಾ. ಇಂಜಿನ್ನೇ ಇಲ್ಲದ್ದನ್ನ ಕಾರು ಅಂತ ಹೇಗೆ ಲೆಕ್ಕ ಹಿಡೀತೀಯ?”

“ಹಲ್ಲಿಲ್ಲದೋರನ್ನ ಮನುಷ್ಯರು ಅನ್ನಲ್ವೇನೋ? ಅದು ನನ್ನ ಕಾರುಗಳಲ್ಲೆಲ್ಲ ಉತ್ತಮ. ಒಂದೇ ಒಂದು ಅಪಘಾತ ಮಾಡ್ಲಿಲ್ಲ.”

ಒಂದು ಭಾನುವಾರ ನಮ್ಮ ಗೇಟಿನ ಕಂಬ ಬಂದು ನನ್ನ ಏಳನೆಯ ಕಾರಿಗೆ ಗುದ್ದಿತು. ಬೂದಿ ಬಣ್ಣದ, ಮುದ್ದಾದ, ಯಾರ ಗೊಡವೆಗೂ ಹೋಗದ ಕಾರು ಅದು. ಕಂಬ ಕಟ್ಟಿದ ದಿನದಿಂದ ಇದ್ದಲ್ಲೇ ಇದೆ ಎಂದು ಮಗನ ವಾದ. ಅವನು ಲಿಫ್ಟ್ ರಿಪೇರಿ ಮಾಡುವವನು. ಇಡೀ ದಿನ ಕತ್ತಲೆಯ ಬಾವಿಯಂಥ ಜಾಗದಲ್ಲಿ ತಂತಿ ಹಿಡಿದು ನಿಂತು, ಸಂಜೆ ಮನೆಗೆ ಬಂದರೆ ಎಲ್ಲದರಲ್ಲೂ ಅಪಾಯವನ್ನೇ ಕಾಣುತ್ತಾನೆ.

“ಕಾರು ಮಾರೋಣ,” ಎಂದ, ಬೇಯಿಸಿದ ಆಲೂಗಡ್ಡೆ ತಟ್ಟೆಗೆ ಹಾಕಿಕೊಳ್ಳುತ್ತ.

“ಆಲೂಗಡ್ಡೆ ತಿನ್ನು.”

“ಅಪ್ಪಾ, ನಾನು ತಮಾಷೆ ಮಾಡ್ತಿಲ್ಲ.”

“ನಾನೂ ಇಲ್ಲ. ಆರಿ ಹೋಗುತ್ತೆ, ತಿನ್ನು.”

“ಇವತ್ತು ಕಂಬ. ನಾಳೆ ಯಾರಾದ್ರೂ ಮನುಷ್ಯರು. ಆಗಲೂ ಅವರೇ ಬಂದು ಗುದ್ದಿದ್ರು ಅಂತೀಯಾ?”

ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ದನಿ ಏರಿಸುವವಳಲ್ಲ. “ಮಾವ, ಒಂದು ಸಲ ನಮ್ಮ ಅಂಗಡಿಗೆ ಬನ್ನಿ. ಸುಮ್ಮನೆ ನೋಡಿ ಕಳಿಸ್ತೀನಿ,” ಎಂದಳು.

“ನನ್ನ ಕಣ್ಣಿಗೆ ಏನಾಗಿದೆ ಅಂತ? ಅಗೋ, ಗೋಡೆ ಮೇಲೆ ಇರುವೆ ಇದೆಯಲ್ಲ, ಅದರ ಮೀಸೆ ಎಷ್ಟುದ್ದ ಇದೆ ಹೇಳ್ಲಾ?”

“ತಾತ, ಅದು ಮೊಳೆ,” ಎಂದಳು ಪಟಾಕಿ.

ಸೊಸೆಯೂ ನಕ್ಕಳು. ಮಗ ನಗಲಿಲ್ಲ. ನನ್ನ ಹೆಂಡತಿಯೂ ನಗಲಿಲ್ಲ. ಅವಳ ಹೃದಯ ಸೋತಿತ್ತು, ಕಾಲು ಊದಿಕೊಳ್ಳುತ್ತಿತ್ತು, ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕಿತ್ತು. ಬೆಂಚಿನ ಕೆಳಗೆ ಕಾಲು ಚಾಚಿಕೊಂಡೇ ಹೇಳಿದಳು: “ಕಾರು ಮಾರಿದ್ರೆ ನಾನು ಆಸ್ಪತ್ರೆಗೆ ಹೋಗಲ್ಲ. ಬಾಡಿಗೆ ಕಾರಲ್ಲಿ ನನಗೆ ವಾಂತಿ ಬರುತ್ತೆ.”

ಅವಳು ಹುಟ್ಟಿದಾಗಿನಿಂದ ಯಾವ ಗಾಡಿಯಲ್ಲೂ ವಾಂತಿ ಮಾಡಿದವಳಲ್ಲ. ಮಗನಿಗೂ ಅದು ಗೊತ್ತು. ಅವನು ಆಲೂಗಡ್ಡೆ ತಿಂದ.

ಮರುದಿನ ಬೆಳಿಗ್ಗೆ ಅವಳು ನನ್ನ ಹಳೆಯ ಬಣ್ಣದ ಡಬ್ಬಿ ಹುಡುಕಿ, ಸ್ಟೂಲು ಹಾಕಿಕೊಂಡು, ಗೇಟಿನ ಎರಡೂ ಕಂಬಗಳಿಗೆ ಹಳದಿ ಬಳಿದಳು. ಆಮೇಲೆ ಮೆಟ್ಟಿಲುಗಳ ಅಂಚಿಗೆ. ಆಮೇಲೆ ಒಲೆಯ ತಿರುಪಿಗೆ, ನೀರಿನ ತೊಟ್ಟಿಯ ಬಾಯಿಗೆ.

“ಅತ್ತೆ, ಮನೆಗೆ ಕಾಮಾಲೆ ಬಂದ ಹಾಗಿದೆ,” ಎಂದಳು ಸೊಸೆ.

“ನನಗೆ ಹಳದಿ ಇಷ್ಟ ಕಣೇ.”

ಮದುವೆಯಾದಾಗಿನಿಂದ ಒಂದೂ ಹಳದಿ ಬಟ್ಟೆ ಉಟ್ಟವಳಲ್ಲ.

ಕಣ್ಣಿನ ವಿಷಯವನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರಾದರೆ ಬಣ್ಣ ಕಟ್ಟಿ ಹೇಳುತ್ತಾರೆ. ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ನೋಡಿದ್ದರ ನಟ್ಟನಡುವೆ ಒಂದು ಸಣ್ಣ ಮಬ್ಬು, ಅಷ್ಟೆ. ಸುತ್ತ ಎಲ್ಲ ಕಾಣುತ್ತಿತ್ತು. ಎದುರಿಗೆ ಮನುಷ್ಯ ನಿಂತರೆ ಅವನ ಕಿವಿ ಕಾಣುತ್ತಿತ್ತು, ಚಪ್ಪಲಿ ಕಾಣುತ್ತಿತ್ತು, ಮುಖ ಒಂದು ಕಾಣುತ್ತಿರಲಿಲ್ಲ. ಊರಿನ ಕಂಬಗಳೆಲ್ಲ ಸೊಂಟ ಬಳುಕಿಸಿ ನಿಂತಿರುತ್ತಿದ್ದವು. ಅದಕ್ಕೆ ಕಂಬ ನೆಟ್ಟವರನ್ನು ಕೇಳಬೇಕು, ನನ್ನನ್ನಲ್ಲ.

ಸೊಸೆ ಸುಮ್ಮನಾಗಲಿಲ್ಲ. ಅಂಗಡಿಯಿಂದ ಕಣ್ಣು ಪರೀಕ್ಷೆಯ ಹಾಳೆ ತಂದು ಊಟದ ಬೆಂಚಿನ ಎದುರು ತೂಗುಹಾಕಿದಳು. ಮೇಲೆ ಕುಂಬಳಕಾಯಿ ಗಾತ್ರದ ಅಕ್ಷರ, ಕೆಳಕೆಳಗೆ ಸಾಸಿವೆ. ಮರುದಿನ ಟೀ ಕುಡಿಯುತ್ತ ನಾನು ಅದನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿನಲ್ಲಿ ಓದಿದೆ. ಸಾಸಿವೆಯ ಸಾಲನ್ನು ಹಿಂದುಮುಂದಾಗಿಯೂ ಓದಿದೆ. ಇಂಥ ಕಣ್ಣು ಹದ್ದಿಗೂ ಇಲ್ಲ ಎಂದು ನಾನೇ ಷರಾ ಬರೆದೆ. ಮುಂಜಾನೆ ಎಲ್ಲರೂ ಏಳುವ ಮೊದಲು ನನ್ನ ಹೆಂಡತಿ ಕಸ ಗುಡಿಸುತ್ತ ಗುಡಿಸುತ್ತ ನನಗೆ ಪಾಠ ಹೇಳಿಕೊಟ್ಟಿದ್ದಳು. ಶಾಲೆಯಲ್ಲಿ ಹೀಗೆ ಓದಿದ್ದರೆ ನಾನು ಎಲ್ಲೋ ಇರುತ್ತಿದ್ದೆ.

ಇನ್ನೊಂದು ದಿನ ಸೊಸೆ ಕೇಳಿದಳು: “ಮಾವ, ಇವತ್ತೊಂದು ಸಲ ಓದಿ.”

ಓದಿದೆ. ಅದೇ ಉಸಿರು, ಅದೇ ಗತ್ತು. ಪಟಾಕಿ ಟೀ ನೆತ್ತಿಗೇರಿ ಕೆಮ್ಮತೊಡಗಿದಳು. “ತಾತ! ಅಮ್ಮ ಬೇರೆ ಹಾಳೆ ಹಾಕಿದಾಳೆ! ಇದರಲ್ಲಿ ಅಕ್ಷರಾನೇ ಇಲ್ಲ, ಬರೀ ಚಿತ್ರ!”

“ನಗಬೇಡ,” ಎಂದ ಮಗ. ಅವನು ಬ್ರೆಡ್ಡನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದ. ಅವನ ಮುಖ ನನಗೆ ಕಾಣಲಿಲ್ಲ, ದನಿ ಮಾತ್ರ ಚಿಕ್ಕಂದಿನಲ್ಲಿ ಬಿದ್ದು ಬಂದಾಗಿನ ದನಿಯ ಹಾಗಿತ್ತು. “ಅಪ್ಪಾ, ಸಾಕು. ಗಿರಾಕಿ ನೋಡ್ತೀನಿ. ಮುಂದಿನ ಭಾನುವಾರ ಕಾರು ಹೋಗುತ್ತೆ.”

“ನನ್ನ ಹೆಣದ ಮೇಲೆ ಹೋಗುತ್ತೆ.”

“ಬೇರೆಯವರ ಹೆಣದ ಮೇಲೆ ಹೋಗದಿರಲಿ ಅಂತಾನೇ ಹೇಳ್ತಿರೋದು!”

ನನ್ನ ಹೆಂಡತಿ ತಟ್ಟೆಗಳನ್ನು ಜೋಡಿಸಿ ಎತ್ತಿಕೊಂಡು ಒಳಗೆ ಹೋದಳು. ಅವಳು ಒಳಗೆ ಹೋದರೆ ಆ ಮನೆಯಲ್ಲಿ ಜಗಳ ಮುಂದುವರಿಯುತ್ತಿರಲಿಲ್ಲ.

ಹಾಗಾದರೆ ನಾನು ಕಾರು ಓಡಿಸುತ್ತಿದ್ದದ್ದು ಹೇಗೆ? ಅಲ್ಲೇ ಇರುವುದು ನನ್ನ ಕೈಚಳಕ. ಗೇರಿನ ಹಿಡಿಯ ಮೇಲೆ ನನ್ನ ಕೈ, ನನ್ನ ಕೈಯ ಮೇಲೆ ಅವಳ ಕೈ. ಕಿರುಬೆರಳು ಒತ್ತಿದರೆ ಒಂದು ಬದಿಗೆ ಸರಿ. ಹೆಬ್ಬೆರಳು ಒತ್ತಿದರೆ ಇನ್ನೊಂದು ಬದಿಗೆ. ತಟ್ಟಿದರೆ ನಿಧಾನ. ಅಂಗೈಯ ಭಾರವನ್ನೆಲ್ಲ ಬಿಟ್ಟರೆ ನಿಲ್ಲು, ಎತ್ತುವವರೆಗೂ ನಿಂತಿರು. ಎತ್ತಿದರೆ ಹೊರಡು. ನಾವು ಇದನ್ನು ಕೂತು ಮಾತಾಡಿ ಗೊತ್ತು ಮಾಡಿಕೊಂಡದ್ದಲ್ಲ. ಒಂದು ದಿನ ಅವಳ ಕೈ ಬಂತು, ಮತ್ತೆ ಹೋಗಲಿಲ್ಲ. ನಾನು ಯಾಕೆ ಎಂದು ಕೇಳಲಿಲ್ಲ.

“ಅಜ್ಜಿ ತಾತ ಕಾರಲ್ಲಿ ಕೈ ಕೈ ಹಿಡ್ಕೊಂಡು ಹೋಗ್ತಾರೆ,” ಎಂದು ಪಟಾಕಿ ಬೀದಿಗೆಲ್ಲ ಡಂಗುರ ಸಾರಿದ್ದಳು. ಈ ವಯಸ್ಸಿನಲ್ಲಿ ಇಂಥ ಕೀರ್ತಿ ಯಾರಿಗುಂಟು? ನಾನೂ ಇಲ್ಲವೆನ್ನಲಿಲ್ಲ.

ಭಾನುವಾರಕ್ಕೆ ಮೊದಲು ಆಸ್ಪತ್ರೆಗೆ ಇನ್ನೊಂದು ಸಲ ಹೋಗುವುದಿತ್ತು. ಅದರ ಹಿಂದಿನ ದಿನ ಸೊಸೆ ಅಂಗಡಿಯಿಂದ ಬೇಗ ಹೊರಟಿದ್ದಳು. ತರಕಾರಿ ಕೊಂಡು ಬರುತ್ತಿದ್ದ ನಾವು ಅವಳನ್ನು ದಾರಿಯಲ್ಲಿ ಹತ್ತಿಸಿಕೊಂಡೆವು. ಹಿಂದಿನ ಸೀಟಿನಲ್ಲಿ ಕೋಸು, ಈರುಳ್ಳಿಯ ಜೊತೆ ಕೂತಳು. ಮನೆ ಬರುವ ತನಕ ನಮ್ಮ ಸೀಟುಗಳ ನಡುವೆ ತಲೆ ತೂರಿಸಿಕೊಂಡೇ ಇದ್ದಳು. ಇಳಿಯುವಾಗ ಈರುಳ್ಳಿಯ ಚೀಲ ಮರೆತು ಹೋದಳು.

ನಾನು ಆ ಚೀಲ ಹಿಡಿದು ಹಿತ್ತಲಿನ ಕಡೆಯಿಂದ ಬಂದೆ. ಅಡುಗೆಮನೆಯ ಕಿಟಕಿ ತೆರೆದಿತ್ತು. ಒಳಗೆ ನಲ್ಲಿಯ ಸದ್ದು. ಕದ್ದು ಕೇಳುವ ಚಾಳಿ ನನಗಿಲ್ಲ, ನನ್ನ ಕಿವಿಗಳು ಅಷ್ಟು ಚುರುಕು, ನಾನೇನು ಮಾಡಲಿ?

“ಎಷ್ಟು ದಿನದಿಂದ ಅತ್ತೆ?”

“ಹೋದ ಚಳಿಗಾಲದಿಂದ.”

“ದಾರೀಲಿ ಒಂದು ಮಗು ಅಡ್ಡ ಬಂದ್ರೆ?”

“ಅದಕ್ಕೇ ನಾನು ರೆಪ್ಪೆ ಮುಚ್ಚಲ್ಲ. ಮನೆಗೆ ಬಂದ್ರೆ ಕಣ್ಣು ಉರಿ ಉರಿ.”

“ನಿಮಗೇ ಹುಷಾರಿಲ್ಲ. ನಿಮ್ಮ ಕೈ ಜಾರಿದ್ರೆ?”

ಒಂದು ಪಾತ್ರೆ ಉಜ್ಜುವ ಸದ್ದು ಬಹಳ ಹೊತ್ತು ಕೇಳಿತು.

“ಗೊತ್ತು ಕಣೇ. ನಿಲ್ಲಿಸ್ಬೇಕು. ನಾನೇ ಹೇಳ್ತೀನಿ. ಬೇರೆಯವರು ಹೇಳಿದ್ರೆ ನಿನ್ನ ಮಾವನಿಗೆ ಸೋಲು. ನಾನು ಹೇಳಿದ್ರೆ ಬರೀ ಜಗಳ.”

“ಯಾವಾಗ ಹೇಳ್ತೀರ?”

“ನಾಳೆ, ದಾರೀಲಿ. ಅದೇ ಕೊನೆ ಸಲ. ಆಮೇಲೆ ಸ್ಟೀರಿಂಗ್ ಮುಟ್ಟೋದು ಬೇಡ. ನಡೆದು ಹೋಗ್ಲಿ. ನನಗಾಗದಿದ್ರೆ ನೀನು ಕೈ ಹಿಡ್ಕೋ. ಬಾ ಇಲ್ಲಿ, ಕೈ ಕೊಡು. ಹೀಗೆ ಭಾರ ಬಿಟ್ರೆ ನಿಲ್ಲು ಅಂತ. ಹೀಗೆ ಎತ್ತಿದ್ರೆ ಹೊರಡು ಅಂತ. ತೋಳು ಹಿಡಿದು ಎಳೀಬೇಡ, ಕುರಿ ಎಳೆದ ಹಾಗೆ. ಅವರಿಗೆ ಆಗಲ್ಲ.”

ನಾನು ಈರುಳ್ಳಿಯನ್ನು ಮೆಟ್ಟಿಲ ಮೇಲಿಟ್ಟು ಬಂದೆ. ಹಳದಿ ಅಂಚಿನ ಮೆಟ್ಟಿಲು. ಎಡವಲಿಲ್ಲ.

ಮರುದಿನ ಕಾರು ಹೊರಟಿತು. ಅವಳು ಹೇಳಬೇಕೆಂದಿದ್ದಾಳೆ ಎಂದು ನನಗೆ ಗೊತ್ತು. ನಾನು ಹೇಳಲು ಬಿಡಬಾರದು. ನನ್ನಂಥ ಮಾತುಗಾರನಿಗೆ ಅದೆಷ್ಟರ ಕೆಲಸ? ಬೀದಿಯ ತಿರುವು ದಾಟುವ ಮೊದಲೇ ಕಾರುಗಳ ಪುರಾಣ ಬಿಚ್ಚಿದೆ.

“ನೆನಪಿದೆಯೇನೇ ಮೊದಲನೇದು? ರಿವರ್ಸ್ ಗೇರೇ ಇರ್ಲಿಲ್ಲ. ವರ್ಷಗಟ್ಟಲೆ ಒಂದಡಿ ಹಿಂದೆ ಹೋಗದ ಗಂಡಸು ಅಂದ್ರೆ ನಾನೊಬ್ಬನೇ. ಮದುವೆ ದಿನ ಹೇಗೆ ಕರ್ಕೊಂಡು ಬಂದೆ ನಿನ್ನ, ಮಹಾರಾಣಿ ಹಾಗೆ!”

“ತಳ್ಳಿದ್ದು ನಾನು,” ಎಂದಳು. ಕಿರುಬೆರಳು ಒತ್ತಿದಳು, ನಾನು ಸರಿದೆ. “ಮದುವೆ ಸೀರೆ ಉಟ್ಕೊಂಡು ಬೆವರು ಸುರಿಸಿ ತಳ್ಳಿದೆ. ನೀವು ಒಳಗೆ ಕೂತು ಇನ್ನೂ ಜೋರು, ಇನ್ನೂ ಜೋರು ಅಂತಿದ್ರಿ.”

“ಯಾರಾದ್ರೂ ಸ್ಟೀರಿಂಗ್ ಹಿಡೀಬೇಕಲ್ಲ! ಎರಡನೇದರ ತಳದಲ್ಲಿ ತೂತು. ನಮ್ಮ ಹುಡುಗ ಅದರಲ್ಲಿ ಚಮಚ ಬೀಳಿಸಿ ಬೀಳಿಸಿ, ಈ ಊರಿನ ರಸ್ತೆಗೆಲ್ಲ ಸ್ಟೀಲ್ ಹೊದಿಸಿದ.”

“ನಾನು ಮಣೆ ಅಡ್ಡ ಇಟ್ಟು ಅದರ ಮೇಲೆ ಕಾಲಿಟ್ಕೊಂಡು ಕೂರ್ತಿದ್ದೆ. ಈಗ ಕಾಲು ಊದದೆ ಇನ್ನೇನು?” ನಕ್ಕಳು. ತಟ್ಟಿದಳು, ನಾನು ನಿಧಾನ ಮಾಡಿದೆ. “ರೀ, ನಾನೊಂದು...”

“ಮೂರನೇದು! ಆ ಏರಿನಲ್ಲಿ ಹೇಗೆ ಹತ್ತುತ್ತಿತ್ತು! ಹೊಗೆ ನೋಡಿ ಜನ ಫೈರ್ ಇಂಜಿನ್ ಕರೆದಿದ್ರು.”

“ನೀರಿಗೆ ಓಡ್ತಿದ್ದದ್ದು ಯಾರು? ಆ ಏರಿನ ಎರಡೂ ಬದಿ ಮನೆಯವರೆಲ್ಲ ನನಗೆ ಗೆಳತಿಯರಾದ್ರು. ಬಕೆಟ್ ತುಂಬಿಟ್ಟು ಕಾಯ್ತಿದ್ರು, ಪಾಪ.”

ನಾಲ್ಕನೆಯದು ಇಂಜಿನ್ ಇಲ್ಲದ್ದು. ಹಿತ್ತಲಿನಲ್ಲಿ ಇಟ್ಟಿಗೆಗಳ ಮೇಲೆ ನಿಂತಿತ್ತು. ಮಗ ಅದರೊಳಗೆ ಕೂತು ಓದುತ್ತಿದ್ದ. ಜಗಳವಾದ ದಿನ ನನ್ನ ಹೆಂಡತಿ ಹೋಗಿ ಅದರ ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ನಾನು ಹೋಗಿ ಸ್ಟೀರಿಂಗ್ ಹಿಡಿದು ಕೂರಬೇಕು. ‘ಎಲ್ಲಿಗೆ ಹೋಗೋಣ?’ ಎಂದರೆ ‘ಎಲ್ಲಿಗಾದ್ರೂ ಸಾಯ್ಲಿ’ ಎನ್ನುವಳು. ನಾನು ಬಾಯಲ್ಲೇ ಗೇರು ಬದಲಾಯಿಸುತ್ತ ಅವಳನ್ನು ಸಮುದ್ರದ ದಡಕ್ಕೆ, ಹಿಮದ ಬೆಟ್ಟಕ್ಕೆ, ಅವಳ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋಗುತ್ತಿದ್ದೆ. ಊಟದ ಹೊತ್ತಿಗೆ ವಾಪಸು.

“ಅದು ಒಳ್ಳೇ ಕಾರು,” ಎಂದಳು. ಅವಳ ಉಸಿರು ಸ್ವಲ್ಪ ಗಟ್ಟಿಯಾಗಿ ಕೇಳುತ್ತಿತ್ತು. “ಅದನ್ನ ಮಾರಬಾರದಿತ್ತು.”

ಐದನೆಯದಕ್ಕೆ ಮಳೆಗಾಲದಲ್ಲೇ ವೈಪರ್ ಕೆಟ್ಟು, ಅವಳು ಕಿಟಕಿಯಿಂದ ಅರ್ಧ ಆಚೆ ಬಾಗಿ ಬಟ್ಟೆಯಲ್ಲಿ ಗಾಜು ಒರೆಸುತ್ತಿದ್ದ ಕಥೆ ಹೇಳಿದೆ. ನನ್ನ ಬಾಯಲ್ಲಿ ಅದು ಬಿರುಗಾಳಿಯ ನಡುವೆ ನಾನು ಕಾರು ಓಡಿಸಿದ ಕಥೆ. ಅವಳು ತಿದ್ದಲಿಲ್ಲ. ದೊಡ್ಡ ಸರ್ಕಲ್ಲಿನ ಸಿಗ್ನಲ್ ಹತ್ತಿರ ಬಂದಿತ್ತು.

“ರೀ, ಒಂದು ಮಾತು ಹೇಳ್ಬೇಕು.”

“ಇರೇ, ಆರನೇದರ ಕಥೆ ಮುಗೀಲಿ.”

ಅವಳ ಅಂಗೈ ನನ್ನ ಕೈಯ ಮೇಲೆ ಭಾರ ಬಿಟ್ಟಿತು. ನಾನು ನಿಲ್ಲಿಸಿದೆ.

ಆರನೆಯ ಕಾರನ್ನು ಕಳ್ಳರು ಕದ್ದಿದ್ದರು. ಬೀದಿಯ ಕೊನೆಯವರೆಗೆ ತಳ್ಳಿ, ಸುಸ್ತಾಗಿ, ಬಿಟ್ಟು ಓಡಿದ್ದರು. ನನ್ನ ಕಾರಿನ ಪ್ರತಾಪಕ್ಕೆ ಹೆದರಿ ಕಳ್ಳರು ಕಸುಬನ್ನೇ ಬಿಟ್ಟರು, ಒಬ್ಬ ಬೇಕರಿ ಇಟ್ಟ, ಇನ್ನೊಬ್ಬ ಮೇಷ್ಟ್ರಾದ ಎಂದೆಲ್ಲ ಹೇಳಿದೆ. ಕಾರು ನಿಲ್ಲಿಸಿದಾಗಲೆಲ್ಲ ಅವಳು ಬ್ಯಾಟರಿಯ ತಂತಿ ಕಳಚಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು, ಅದಕ್ಕೇ ಅದು ಹೊರಟಿರಲಿಲ್ಲ. ಅದನ್ನು ಅವಳು ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಆ ಇನ್ನೊಂದು ಮಾತಿಗೆ ತಯಾರಾಗುತ್ತಿದ್ದಾಳೆ ಎಂದುಕೊಂಡೆ. ಬಿಡುವು ಕೊಡದೆ ಏಳನೆಯದಕ್ಕೆ ಹಾರಿದೆ.

ಹಿಂದೆ ಹಾರನ್ನುಗಳು ಶುರುವಾದವು. ಎರಡೂ ಪಕ್ಕದಿಂದ ಗಾಡಿಗಳು ನುಗ್ಗಿ ಹೋಗುತ್ತಿದ್ದವು. ಯಾರೋ ಬೈದರು. “ನೋಡಿದೆಯಾ, ಎಲ್ಲರೂ ಸಿಗ್ನಲ್ ಮುರೀತಾರೆ,” ಎಂದೆ ಅವಳಿಗೆ. “ಈ ಊರಲ್ಲಿ ಕಾನೂನು ಪಾಲಿಸೋನು ಅಂದ್ರೆ ನಿನ್ನ ಗಂಡ ಒಬ್ಬನೇ.”

ಕೈ ಎದ್ದಿರಲಿಲ್ಲ. ನಾನು ನಿಂತಿದ್ದೆ.

ಲೋಕದಲ್ಲಿ ಅಷ್ಟು ಉದ್ದದ ಕೆಂಪು ದೀಪ ಇನ್ನೊಂದಿಲ್ಲ. ಇದೊಂದನ್ನು ನಾನು ಹೆಚ್ಚು ಮಾಡಿ ಹೇಳುತ್ತಿಲ್ಲ.

ಟ್ರಾಫಿಕ್ ಪೊಲೀಸು ಕಿಟಕಿ ಬಡಿದ. “ಏನ್ ಯಜಮಾನ್ರೇ, ನಿದ್ದೆನಾ? ಎಷ್ಟು ಸಲ ಹಸಿರು ಬಂದು ಹೋಯ್ತು!”

“ನನ್ನ ಹೆಂಡತಿ ಇನ್ನೂ ಕೈ ಎತ್ತಿಲ್ಲ,” ಎಂದೆ.

ಅವನು ಬಗ್ಗಿ ಒಳಗೆ ನೋಡಿದ. ಆಮೇಲೆ ಬಯ್ಯಲಿಲ್ಲ. ಕಾರನ್ನು ಸುತ್ತಿ ಆ ಕಡೆಯ ಬಾಗಿಲಿಗೆ ಓಡಿದ.

ಸೀಟಿನಲ್ಲೇ, ಒಂದು ಗಳಿಗೆಯಲ್ಲಿ ಆಗಿದೆ, ಆಸ್ಪತ್ರೆಯ ಬಾಗಿಲಲ್ಲೇ ಆಗಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಮಗ ಕೆಲಸದ ಬಟ್ಟೆಯಲ್ಲೇ ಬಂದಿದ್ದ, ಗ್ರೀಸಿನ ವಾಸನೆ.

“ಎಷ್ಟು ಹೊತ್ತು ನಿಂತಿದ್ದೆ ಅಲ್ಲಿ?”

“ಸಿಗ್ನಲ್ ಬಿಡಲಿಲ್ಲ ಕಣೋ.”

ಅವನಿಗೆ ಅರ್ಥವಾಗಲಿಲ್ಲ. ಸೊಸೆ ಅವನನ್ನು ಗೋಡೆಯ ಕಡೆಗೆ ಕರೆದುಕೊಂಡು ಹೋಗಿ ಏನೋ ಹೇಳಿದಳು. ಅವನು ಗೋಡೆಗೆ ಹಣೆ ಇಟ್ಟು ನಿಂತುಬಿಟ್ಟ.

ಎಲ್ಲ ಮುಗಿದ ಮೇಲೂ ಅವನು ನನ್ನೊಡನೆ ಮಾತಾಡಲಿಲ್ಲ. ಊಟದ ಬೆಂಚಿನಲ್ಲಿ ನಡುವೆ ಅವಳ ಜಾಗ ಬಿಟ್ಟು ಆ ತುದಿಗೆ ಅವನು, ಈ ತುದಿಗೆ ನಾನು. “ತಾತನಿಗೆ ಟೀ ಬೇಕಾ ಕೇಳು,” ಎಂದು ಪಟಾಕಿಗೆ ಹೇಳುತ್ತಿದ್ದ. “ಬೇಡವಂತೆ ಅಂತ ಹೇಳು,” ಎನ್ನುತ್ತಿದ್ದೆ ನಾನು. ಆ ಮಗು ನಡುವೆ ನಿಂತು ಎರಡೂ ಕಡೆ ನೋಡುತ್ತಿತ್ತು.

ಒಂದು ಸಂಜೆ ಬೇಳೆಯಲ್ಲಿ ಉಪ್ಪಿರಲಿಲ್ಲ. ಅಷ್ಟೇ ಸಾಕಾಯಿತು.

“ಅಮ್ಮ ಇದ್ದಿದ್ರೆ ಹೀಗಿರ್ತಿತ್ತಾ?” ಎಂದು ಮಗ ತಟ್ಟೆ ತಳ್ಳಿದ. “ನಿನ್ನ ಜಂಬ ಒಂದು ಉಳಿದ್ರೆ ಸಾಕಾಗಿತ್ತಲ್ಲ ನಿನಗೆ! ಹುಷಾರಿಲ್ಲದ ಹೆಂಗಸನ್ನ ಪಕ್ಕದಲ್ಲಿ ಕೂರಿಸ್ಕೊಂಡು ಅವಳ ಕಣ್ಣಲ್ಲಿ ಕಾರು ಓಡಿಸ್ತಿದ್ದೆಯಲ್ಲ, ನಾಚಿಕೆ ಆಗ್ಲಿಲ್ವಾ?”

ನಾನು ಉಪ್ಪಿಲ್ಲದ ಬೇಳೆಯನ್ನೇ ಕಲಸಿ ಒಂದು ತುತ್ತು ತಿಂದೆ.

“ನನಗೂ ಗೊತ್ತಿತ್ತು,” ಎಂದಳು ಸೊಸೆ. “ಹಿಂದಿನ ದಿನಾನೇ ಗೊತ್ತಾಗಿತ್ತು. ನಾಳೆ ಒಂದು ದಿನ ಹೋಗ್ಲಿ ಅಂತ ಅತ್ತೆ ಅಂದ್ರು, ನಾನು ಹೂಂ ಅಂದೆ. ಬಯ್ಯೋದಿದ್ರೆ ನನ್ನನ್ನೂ ಸೇರಿಸಿ ಬಯ್ಯಿ. ಉಪ್ಪು ಅಲ್ಲಿದೆ, ಹಾಕ್ಕೋ.”

ಅವನು ಉಪ್ಪು ಹಾಕಿಕೊಂಡ. ಆಮೇಲೆ ಉಪ್ಪಿನ ಬಟ್ಟಲನ್ನು ತನ್ನ ಅಮ್ಮನ ಖಾಲಿ ಜಾಗ ದಾಟಿಸಿ, ನನ್ನ ಕೈಗೆ ತಾಗುವಂತೆ ಇಟ್ಟ.

ಕಾರು ಕೊಳ್ಳಲು ಬಂದವನು ಮೊಟ್ಟೆ ವ್ಯಾಪಾರಿ. “ಗಾಡಿ ಹೇಗಿದೆ ಯಜಮಾನ್ರೇ?” ಎಂದು ಕೇಳಿದ. ಮಗ ಪಕ್ಕದಲ್ಲಿ ನಿಂತು ಉಸಿರು ಬಿಗಿಹಿಡಿದ. ಊಟದ ಹೊತ್ತಿನವರೆಗೆ ಪುರಾಣ ನಡೆಯುತ್ತದೆಂದು ಅವನಿಗೆ ಗೊತ್ತು.

“ಚೆನ್ನಾಗಿದೆ,” ಎಂದೆ.

ಮೊಟ್ಟೆಯವನು ಇನ್ನೇನಾದರೂ ಇದೆಯೇ ಎಂದು ಕಾದ. ಇರಲಿಲ್ಲ. ಕಾರು ಹಳದಿ ಕಂಬಗಳ ನಡುವಿನಿಂದ, ಎಲ್ಲೂ ತಾಗದೆ, ಹೋಯಿತು.

ಏನನ್ನೂ ಕಳಚಿಕೊಳ್ಳಲಿಲ್ಲವಲ್ಲ ಎಂದು ಆಮೇಲೆ ನೆನಪಾಯಿತು. ಮಗ ಜೇಬಿನಿಂದ ಗೇರಿನ ಹಿಡಿ ತೆಗೆದು ನನ್ನ ಕೈಗೆ ಕೊಟ್ಟ. “ಅವನಿಗೆ ಬೇರೆ ಹಾಕಿಕೊಟ್ಟೆ,” ಎಂದ. ಎಷ್ಟೋ ದಿನಗಳ ನಂತರ ನನಗೇ ನೇರವಾಗಿ ಆಡಿದ ಮಾತು. ಹಿಡಿ ನುಣ್ಣಗೆ ಸವೆದಿತ್ತು. ಆದರೆ ಅದನ್ನು ಸವೆಸಿದ್ದು ನನ್ನ ಅಂಗೈ. ಅವಳು ಅದನ್ನು ಒಮ್ಮೆಯೂ ಮುಟ್ಟಿದವಳಲ್ಲ. ಅವಳ ಕೈ ಇದ್ದದ್ದು ನನ್ನ ಕೈಯ ಮೇಲೆ. ನಾನು ಅವನಿಗೆ ಅದನ್ನು ಹೇಳಲಿಲ್ಲ. ಒಳ್ಳೇದು ಮಾಡಿದೆ ಎಂದೆ.

ಈಗ ಪಾತ್ರೆ ತೊಳೆಯುವ ಸರದಿ ಪಟಾಕಿಯದು. ಒಂದು ಮಧ್ಯಾಹ್ನ ನಾನು ಹಿತ್ತಲಿನ ಕಿಟಕಿಯ ಬಳಿ ಸುಮ್ಮನೆ ನಿಂತಿದ್ದೆ, ಅಂದು ಈರುಳ್ಳಿ ಹಿಡಿದು ನಿಂತಿದ್ದ ಜಾಗದಲ್ಲೇ. ಅವಳು ಬೆನ್ನು ತಿರುಗಿಸಿಕೊಂಡೇ ಕೂಗಿದಳು: “ತಾತ, ಅಲ್ಲೇನು ನಿಂತಿದ್ದೀಯ? ಒಳಗೆ ಬಾ.”

“ನಿನ್ನ ತಲೆ ಹಿಂದೆ ಕಣ್ಣಿದೆಯೇನೇ?”

“ಕನ್ನಡಿ ಇದೆಯಲ್ಲ ತಾತ. ಇಲ್ಲಿ ನಿಂತ್ರೆ ಕಿಟಕೀನೇ ಕಾಣೋದು. ನೀನು ಪೂರ್ತಿ ಕಾಣ್ತೀಯ, ಮೀಸೆ ಸಮೇತ.”

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಹಾಗಾದರೆ ಅಂದು ನನ್ನ ಹೆಂಡತಿಗೂ ಕಾಣುತ್ತಿತ್ತು. ಆ ಪಾತ್ರೆಯನ್ನು ಅಷ್ಟು ಹೊತ್ತು ಉಜ್ಜುತ್ತ ನನ್ನನ್ನು ನೋಡಿದ್ದಳು. ಕೇಳಿಸಿಕೊಳ್ಳಲಿ ಎಂದೇ, ನಲ್ಲಿಯ ಸದ್ದಿಗಿಂತ ಒಂದು ಎಳೆ ಮೇಲೆ ದನಿ ಇಟ್ಟು ಹೇಳಿದ್ದಳು. ದಾರಿಯುದ್ದಕ್ಕೂ ನಾನು ತಡೆದೆ ತಡೆದೆ ಎಂದುಕೊಂಡ ಮಾತನ್ನು ಅವಳು ಆಗಲೇ ಆಡಿ ಮುಗಿಸಿದ್ದಳು. ಸರ್ಕಲ್ಲಿನಲ್ಲಿ ಹೇಳಬೇಕೆಂದ ಆ ಒಂದು ಮಾತು ಹಾಗಾದರೆ ಯಾವುದು? ನನಗೆ ಗೊತ್ತಿಲ್ಲ. ಎಷ್ಟೆಲ್ಲ ಕಟ್ಟಿ ಹೇಳುವ ನನಗೆ ಅದೊಂದನ್ನು ಕಟ್ಟಲು ಆಗಲಿಲ್ಲ.

ಸಂಜೆ ಸೊಸೆಗೆ ಹೇಳಿದೆ: “ನಾಳೆ ನಿಮ್ಮ ಅಂಗಡಿಗೆ ಬರ್ತೀನಿ. ನನ್ನ ಕಣ್ಣು ನೋಡಿ ನಿಮ್ಮವರೆಲ್ಲ ದಂಗಾಗಬೇಕು.”

“ಆಗ್ಲಿ ಮಾವ,” ಎಂದಳು.

ಅಂಗಡಿಗೆ ಹೋಗಲು ದೊಡ್ಡ ಸರ್ಕಲ್ ದಾಟಬೇಕು. ನಡೆದೇ ಹೋದೆವು. ಅವಳು ತೋಳು ಹಿಡಿಯಲಿಲ್ಲ. ಪಕ್ಕದಲ್ಲಿ ಮಾತಾಡುತ್ತ ಬಂದಳು, ಕೋಸು ತುಟ್ಟಿಯಾಗಿದೆ, ಪಟಾಕಿಗೆ ಹೊಸ ಚಪ್ಪಲಿ ಬೇಕು ಎಂದು. ರಸ್ತೆಯ ಅಂಚು ಬಂದಾಗ ಅವಳ ಅಂಗೈ ನನ್ನ ಕೈಯ ಮೇಲೆ ಬಂತು. ಭಾರ ಬಿಟ್ಟಿತು.

ನಿಂತೆ. ಗಾಡಿಗಳು ಹೋದವು, ಬಸ್ಸೊಂದು ಹೋಯಿತು, ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ನನ್ನ ಪಕ್ಕದಲ್ಲಿದ್ದವರೆಲ್ಲ ನಿಂತರು. ನಾನು ಅವಳ ಕೈಯನ್ನೇ ಕಾಯುತ್ತಿದ್ದೆ. ಅದು ಬೆಚ್ಚಗಿತ್ತು. ನಾಡಿ ಬಡಿಯುವುದು ಗೊತ್ತಾಗುತ್ತಿತ್ತು.

ಆಮೇಲೆ ಕೈ ಎದ್ದಿತು.

ಪಕ್ಕದ ಜನ ದಾಟತೊಡಗಿದರು. ನನ್ನ ಕಾಲು ಏಳಲಿಲ್ಲ. “ಮಾವ, ಎತ್ತಿದೆ,” ಎಂದಳು ಸೊಸೆ ಮೆಲ್ಲಗೆ. “ಕೈ ಎತ್ತಿದೆ ಮಾವ.”

“ಗೊತ್ತು,” ಎಂದೆ. “ನನಗೆ ಕಾಣಿಸ್ತಿದೆ.”

ಹೆಜ್ಜೆ ಇಟ್ಟೆ.